ಚಿತ್ರಕಥೆ ಬಿಡಿಸುವವರು ಪ್ರೊಡಕ್ಷನ್ ಮ್ಯಾನೇಜರ್ ಆದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾಮಿಕ್ಸ್ ಬಿಡಿಸುವ ಕೆಲಸದ ಬಗ್ಗೆ ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಚಿತ್ರ ಮುಗಿದ ಮೇಲಿನ ಕಷ್ಟಗಳನ್ನೇ ಕೇಳಿವೆ. ಮುದ್ರಣ ಮತ್ತು ಚಿತ್ರಕಲೆ ಎರಡನ್ನೂ ಬಲ್ಲ ನಮ್ಮ ಬಳಗ ಈ ಸಲ ಅವಕ್ಕೇ ಪುಟಗಳನ್ನು ಮೀಸಲಿಟ್ಟಿದೆ.

ಪ್ರಶ್ನೆ: ಎಂಟು ವರ್ಷದಿಂದ ಮಕ್ಕಳ ಪುಸ್ತಕಗಳಿಗೆ ಚಿತ್ರಕಥೆ ಬಿಡಿಸುತ್ತಿದ್ದೇನೆ. ಈಗ ಪ್ರಕಾಶಕರು ‘ನೀವೇ ಪ್ರೊಡಕ್ಷನ್ ಮ್ಯಾನೇಜರ್ ಆಗಿ’ ಎನ್ನುತ್ತಿದ್ದಾರೆ. ಅಲ್ಲಿ ನಿಜವಾಗಿ ಏನು ಕೆಲಸ? ಬ್ರಷ್ ಕೆಳಗಿಟ್ಟ ಹಾಗೆ ಆಗುವುದಿಲ್ಲವೇ?
— ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಈ ದಾರಿಯಲ್ಲಿ ನಡೆದವರು ಹಿಂದೆಯೂ ಇದ್ದಾರೆ. ಅಮೆರಿಕದ ಮಾರ್ವೆಲ್ ಸಂಸ್ಥೆಯಲ್ಲಿ 1960ರ ದಶಕದಲ್ಲಿ ಪ್ರೊಡಕ್ಷನ್ ನೋಡಿಕೊಂಡ ಸಾಲ್ ಬ್ರಾಡ್‌ಸ್ಕಿ (1923–1984) ಮೂಲತಃ ಚಿತ್ರಗಾರ. ‘ಫೆಂಟಾಸ್ಟಿಕ್ ಫೋರ್’ ಸರಣಿಯ 3 ಮತ್ತು 4ನೇ ಸಂಚಿಕೆಗೆ ಶಾಯಿ ಹಾಕಿದವರು, ಅಂದರೆ ಪೆನ್ಸಿಲ್ ಚಿತ್ರದ ಮೇಲೆ ಅಂತಿಮ ಗೆರೆ ಎಳೆದವರು, ಅವರೇ. 1970ರಲ್ಲಿ ಅವರು ಹೊರಬಂದು ಇಸ್ರೇಲ್ ವಾಲ್ಡ್‌ಮನ್ ಜತೆ ಸ್ಕೈವಾಲ್ಡ್ ಪ್ರಕಾಶನ ಕಟ್ಟಿದಾಗ ಅವರ ಜಾಗಕ್ಕೆ ಬಂದ ಜಾನ್ ವರ್‌ಪೂರ್ಟನ್ ಕೂಡ ಶಾಯಿ ಹಾಕುವ ಕಲಾವಿದರೇ. ಒಂದು ಪುಟಕ್ಕೆ ಶಾಯಿ ಹಾಕಲು ಎಷ್ಟು ಹೊತ್ತು ಬೇಕು ಎಂದು ತನ್ನ ಕೈಯಿಂದಲೇ ತಿಳಿದವನಿಗೆ ಯಾರ ಗಡುವು ನಿಜ, ಯಾರದು ಬರೀ ಮಾತು ಎಂದು ಬೇಗ ಗೊತ್ತಾಗುತ್ತದೆ. ನಿಮ್ಮನ್ನು ಕೇಳಿದ್ದೂ ಈ ಕಾರಣಕ್ಕೇ ಇರಬೇಕು.

ಕೆಲಸ ಇಷ್ಟು: ಕಥೆ ಕೈಗೆ ಬಂದ ದಿನದಿಂದ ಪುಸ್ತಕದ ಕಟ್ಟು ಅಂಗಡಿಗೆ ಇಳಿಯುವವರೆಗೆ ಪ್ರತಿ ಪುಟ ಯಾರ ಮೇಜಿನ ಮೇಲಿದೆ, ನಾಳೆ ಎಲ್ಲಿರಬೇಕು ಎಂಬುದು ನಿಮ್ಮ ತಲೆಯಲ್ಲಿರಬೇಕು. ಲೆಕ್ಕವನ್ನು ಹಿಂದಿನಿಂದ ಶುರುಮಾಡಿ. ನವೆಂಬರ್ 1ಕ್ಕೆ, ರಾಜ್ಯೋತ್ಸವದ ಹೊತ್ತಿಗೆ, 32 ಪುಟದ ಬಣ್ಣದ ಪುಸ್ತಕ ಬೇಕು ಎನ್ನಿ. ಸಾಗಣೆ ಮತ್ತು ಕೈಮೀರಿದ್ದಕ್ಕೆ 5 ದಿನ, ಇಂಕು ಒಣಗಿ ಬೈಂಡಿಂಗ್ ಆಗಲು 5, ಪ್ರಿಂಟಿಂಗ್ 3, ಪ್ರೂಫ್ (ಅಚ್ಚಿಗೆ ಮುಂಚಿನ ಮಾದರಿ ಪ್ರತಿ) ಒಪ್ಪಿಗೆ ಮತ್ತು ಅಚ್ಚಿನ ಪ್ಲೇಟು ಮಾಡಲು 4. ನಡುವೆ ಆಯುಧಪೂಜೆ ಬಿದ್ದರೆ ಇನ್ನೂ 3 ದಿನ ಕಳೆಯಿರಿ. ಮಿಷಿನ್ನಿಗೆ ಕುಂಬಳಕಾಯಿ ಒಡೆದ ದಿನ ಯಾರೂ ಪ್ರಿಂಟಿಂಗ್ ಶುರುಮಾಡುವುದಿಲ್ಲ, ಬೈಂಡಿಂಗ್‌ನವರು ಊರಿಗೆ ಹೋದವರು ಮರುದಿನವೇ ಬರುವುದಿಲ್ಲ. ಅಲ್ಲಿಗೆ ಅಕ್ಟೋಬರ್ 12. ಪುಟವಿನ್ಯಾಸ, ಅಕ್ಷರ ತಿದ್ದುಪಡಿಗೆ 6 ದಿನ ಎಂದರೆ ಕೊನೆಯ ಪುಟದ ಬಣ್ಣ ಅಕ್ಟೋಬರ್ 6ಕ್ಕೆ, ಅದರ ಶಾಯಿ 3ಕ್ಕೆ, ಅದರ ಪೆನ್ಸಿಲ್ ಸೆಪ್ಟೆಂಬರ್ 29ಕ್ಕೆ ಮುಗಿದಿರಬೇಕು. ದಿನಕ್ಕೊಂದು ಪುಟ, ಭಾನುವಾರ ರಜೆ ಎಂದರೆ 32 ಪುಟದ ಪೆನ್ಸಿಲ್‌ಗೆ 37 ದಿನ ಹಿಡಿಯುತ್ತದೆ. ಗಣೇಶನ ಹಬ್ಬಕ್ಕೆ 3 ದಿನ ಸೇರಿಸಿ. ಮೊದಲ ಪುಟದ ಪೆನ್ಸಿಲ್ ಆಗಸ್ಟ್ 20ರ ಸುಮಾರಿಗೆ ಕಾಗದಕ್ಕೆ ತಾಗಿರಬೇಕು. ‘ಇನ್ನೂ ಎರಡು ತಿಂಗಳಿದೆಯಲ್ಲ’ ಎಂದು ಸೆಪ್ಟೆಂಬರ್‌ನಲ್ಲಿ ಶುರುಮಾಡಿದ ಪುಸ್ತಕ ಕೊನೆಗೆ ಪ್ರೂಫ್ ನೋಡದೆ ಅಚ್ಚಿಗೆ ಹೋಗುವುದು ಹೀಗೆ.

ಪೆನ್ಸಿಲ್ ಪೂರ್ತಿ ಮುಗಿದ ಮೇಲೆ ಶಾಯಿ, ಶಾಯಿ ಮುಗಿದ ಮೇಲೆ ಬಣ್ಣ ಎಂದು ಸಾಲುಗಟ್ಟಿ ಇಡಬೇಡಿ. ನಾಲ್ಕೈದು ಪುಟ ಕೈಬಿಟ್ಟ ಕೂಡಲೇ ಮುಂದಿನವರಿಗೆ ಕೊಡಿ. ಗೋಡೆಗೆ 32 ಸಾಲಿನ ಒಂದು ಹಾಳೆ ಅಂಟಿಸಿ, ಪ್ರತಿ ಸಾಲಿಗೆ ಕಥೆ, ಪೆನ್ಸಿಲ್, ಶಾಯಿ, ಬಣ್ಣ, ಅಕ್ಷರ, ತಿದ್ದುಪಡಿ ಎಂದು ಆರು ಮನೆ ಹಾಕಿ, ಮುಗಿದಾಗ ತಾರೀಖು ಬರೆಯಿರಿ. ಟಿಕ್ ಹಾಕಿದರೆ ಸಾಲದು. ಯಾವ ಪುಟ ಯಾರ ಬಳಿ ಎಷ್ಟು ದಿನ ನಿಂತಿತು ಎಂದು ತಾರೀಖು ಮಾತ್ರ ಹೇಳುತ್ತದೆ, ಮುಂದಿನ ಪುಸ್ತಕದ ಗಡುವು ಹಾಕುವಾಗ ಅದೇ ನಿಮ್ಮ ಆಧಾರ. ನಿಯತವಾಗಿ ಹೊರಬರುವ ಸಂಚಿಕೆಯಾದರೆ 8 ಪುಟದ ಎರಡು ಬಿಡಿ ಕಥೆಗಳನ್ನು ಸಿದ್ಧಮಾಡಿ ಇಟ್ಟುಕೊಂಡಿರಿ. ಕಲಾವಿದರಿಗೆ ಜ್ವರ ಬಂದರೆ ಅವೇ ಸಂಚಿಕೆಯನ್ನು ಉಳಿಸುತ್ತವೆ.

ಬ್ರಷ್ ಬಿಡಬೇಕಾಗಿಲ್ಲ, ಆದರೆ ಬೇರೆಯವರ ಪುಟದ ಮೇಲೆ ಮಾತ್ರ ಆಡಿಸಬೇಡಿ. ಹೊಸದಾಗಿ ಈ ಕುರ್ಚಿಗೆ ಬಂದ ಚಿತ್ರಗಾರರು ಹೆಚ್ಚಾಗಿ ಎಡವುವುದು ಇಲ್ಲೇ. ಕೈ ಸರಿಯಿಲ್ಲ, ಮುಖ ಸರಿಯಿಲ್ಲ ಎಂದು ರಾತ್ರಿ ಕೂತು ತಾವೇ ತಿದ್ದುತ್ತಾರೆ. ಬೆಳಗ್ಗೆ ನೋಡಿದರೆ ಒಂದು ಪಾತ್ರಕ್ಕೆ ಎರಡು ಮುಖ, ಮನಸ್ಸು ಮುರಿದ ಒಬ್ಬ ಕಲಾವಿದ, ಮತ್ತು ನೋಡದೇ ಉಳಿದ ನಾಲ್ಕು ಪ್ರೂಫು. ತಪ್ಪಿದ್ದರೆ ಪೆನ್ಸಿಲ್ ಹಂತದಲ್ಲೇ ಹೇಳಿ ಬರೆದವರ ಕೈಯಲ್ಲೇ ತಿದ್ದಿಸಿ. ನಿಮ್ಮ ಚಿತ್ರಕ್ಕೆ ಮುಖಪುಟವನ್ನೋ ವರ್ಷಕ್ಕೊಂದು ಕಥೆಯನ್ನೋ ಮೊದಲೇ ಮಾತಾಡಿ ಇಟ್ಟುಕೊಳ್ಳಿ.

ಪ್ರಶ್ನೆ: ದುರ್ಗದ ಕೋಟೆಯ ಕಥೆಯನ್ನು 30 ಪುಟದ ಬಣ್ಣದ ಕಾಮಿಕ್ಸ್ ಮಾಡಿ 2000 ಪ್ರತಿ ಹಾಕಿಸಬೇಕೆಂದಿದ್ದೇವೆ. ಪ್ರೆಸ್ಸಿನವರು ‘30 ಆಗಲ್ಲ, 32 ಮಾಡಿ’ ಅಂತಾರೆ. ಯಾಕೆ? ಪೇಪರ್ ಎಷ್ಟು ಬೇಕು ಅಂತ ನಾವೇ ಲೆಕ್ಕ ಹಾಕಬಹುದಾ?
— ಶಿಕ್ಷಕರ ಗುಂಪು, ಚಿತ್ರದುರ್ಗ

ಉತ್ತರ: ಪ್ರೆಸ್ಸಿನವರು ಸರಿಯಾಗೇ ಹೇಳಿದ್ದಾರೆ. ನಡುವೆ ಮಡಚಿ ಸೆಂಟರ್ ಪಿನ್ ಹೊಡೆಯುವ ಪುಸ್ತಕದಲ್ಲಿ ಒಂದು ಹಾಳೆ ಎಂದರೆ 4 ಪುಟ, ಹಾಗಾಗಿ ಪುಟಸಂಖ್ಯೆ 4ರಿಂದ ಭಾಗವಾಗಲೇಬೇಕು. ದೊಡ್ಡ ಹಾಳೆಯ ಎರಡೂ ಬದಿ ಅಚ್ಚಾದಾಗ 16 ಪುಟದ ಒಂದು ಫಾರಂ ಆಗುತ್ತದೆ, 32 ಪುಟ ಎಂದರೆ ಸರಿಯಾಗಿ ಎರಡು ಫಾರಂ. 30 ಪುಟ ಮಾಡಿದರೂ ಎರಡು ಪುಟ ಖಾಲಿ ಹೋಗುತ್ತವೆ, ದುಡ್ಡು ಉಳಿಯುವುದಿಲ್ಲ. ಆ ಎರಡು ಪುಟಕ್ಕೆ ಕೋಟೆಯ ಏಳು ಸುತ್ತಿನ ನಕ್ಷೆ, ಒನಕೆ ಓಬವ್ವನ ಕಿಂಡಿ ಎಲ್ಲಿ ಬರುತ್ತದೆ ಎಂಬ ಗುರುತು ಹಾಕಿ. ಮಕ್ಕಳು ಪುಸ್ತಕ ಹಿಡಿದು ಬೆಟ್ಟ ಹತ್ತಲಿ.

ಪುಸ್ತಕದ ಅಳತೆಯನ್ನು ಪೇಪರಿನಿಂದ ಹಿಡಿಯಿರಿ. 20×30 ಇಂಚಿನ ಹಾಳೆ ಸುಲಭವಾಗಿ ಸಿಗುತ್ತದೆ, ಅಂದರೆ 508×762 ಮಿ.ಮೀ. ಪುಸ್ತಕ ಕತ್ತರಿಸಿದ ಮೇಲೆ 180×238 ಮಿ.ಮೀ. ಇರಲಿ. ಮೇಲೆ, ಕೆಳಗೆ, ಹೊರಬದಿಯಲ್ಲಿ 3 ಮಿ.ಮೀ. ಬ್ಲೀಡ್ (ಕತ್ತರಿಸಿಹೋಗಲೆಂದೇ ಚಿತ್ರವನ್ನು ಹೆಚ್ಚಿಗೆ ಚಾಚುವ ಅಂಚು) ಬಿಟ್ಟರೆ ಎರಡು ಪುಟದ ಎತ್ತರ 488 ಮಿ.ಮೀ., ಮಿಷಿನ್ ಹಿಡಿಯುವ ಗ್ರಿಪ್ಪರ್‌ಗೆ 12, ಒಟ್ಟು 500. ಉಳಿದ 8ರಲ್ಲಿ ಬಣ್ಣ ಪರೀಕ್ಷಿಸುವ ಪಟ್ಟಿ ಕೂರುತ್ತದೆ. ಅಗಲದಲ್ಲಿ ನಾಲ್ಕು ಪುಟ ಬ್ಲೀಡ್ ಸೇರಿ 732, ಅದೂ ಹಿಡಿಸುತ್ತದೆ. ಪುಸ್ತಕ 10 ಮಿ.ಮೀ. ಎತ್ತರವಾದರೆ ಇದೇ ಹಾಳೆಯಲ್ಲಿ ಕೂರುವುದಿಲ್ಲ, ದೊಡ್ಡ ಹಾಳೆ ತಂದು ಅಂಚು ಕತ್ತರಿಸಿ ಬಿಸಾಡಬೇಕಾಗುತ್ತದೆ. ಚಿತ್ರ ಬಿಡಿಸುವ ಮೊದಲೇ ಅಳತೆ ನಿಕ್ಕಿಯಾಗಬೇಕು ಎನ್ನುವುದು ಇದಕ್ಕೆ.

ಪ್ರತಿ ಪುಸ್ತಕಕ್ಕೆ 2 ಹಾಳೆ, 2000ಕ್ಕೆ 4000. ಬಣ್ಣ ಕೂರಿಸಲು ಪ್ರತಿ ಫಾರಂಗೆ 250 ಹಾಳೆ, ಬೈಂಡಿಂಗ್ ವೇಳೆ ಹಾಳಾಗುವುದಕ್ಕೆ ನೂರಕ್ಕೆ 2ರಂತೆ ಸೇರಿಸಿದರೆ ಫಾರಂಗೆ 2290, ದುಂಡಗೆ 2300. ಎರಡಕ್ಕೆ 4600 ಹಾಳೆ, ಅಂದರೆ 500ರ ರೀಮಿನಲ್ಲಿ 9.2 ರೀಮು. ತೂಕಕ್ಕೆ ಒಂದು ಸೂತ್ರ ನೆನಪಿಡಿ: ಉದ್ದ ಸೆಂ.ಮೀ. × ಅಗಲ ಸೆಂ.ಮೀ. × ಜಿಎಸ್‌ಎಂ (ಒಂದು ಚದರ ಮೀಟರ್ ಪೇಪರಿನ ಗ್ರಾಂ ತೂಕ), ಇದನ್ನು 20,000ದಿಂದ ಭಾಗಿಸಿದರೆ ರೀಮಿನ ಕೆ.ಜಿ. ತೂಕ. 90 ಜಿಎಸ್‌ಎಂ ಪೇಪರಿಗೆ 50.8 × 76.2 × 90 ÷ 20,000 ಎಂದರೆ 17.4 ಕೆ.ಜಿ. ಒಳಪುಟಕ್ಕೆ ಸುಮಾರು 160 ಕೆ.ಜಿ. ಆಯಿತು. ರಕ್ಷಾಪುಟ ಒಂದು ಹಾಳೆಗೆ ನಾಲ್ಕು ಬರುತ್ತದೆ. 500 ಹಾಳೆ ಮತ್ತು ಹಾಳಾಗುವುದಕ್ಕೆ 150, 220 ಜಿಎಸ್‌ಎಂ ಬೋರ್ಡ್‌ನಲ್ಲಿ 55 ಕೆ.ಜಿ. ಪೇಪರ್ ಅಂಗಡಿಯಲ್ಲಿ ಕೆ.ಜಿ. ದರ ಕೇಳಿ ಗುಣಿಸಿದರೆ ಪ್ರೆಸ್ಸಿನ ಕೊಟೇಶನ್‌ನಲ್ಲಿ ಪೇಪರಿಗೆ ಎಷ್ಟು ಹಾಕಿದ್ದಾರೆ ಎಂದು ನಿಮಗೇ ತಿಳಿಯುತ್ತದೆ.

ಪ್ಲೇಟಿನ ಲೆಕ್ಕವನ್ನೂ ಕೇಳಿಕೊಳ್ಳಿ. ಎರಡು ಫಾರಂ, ಎರಡು ಬದಿ, ನಾಲ್ಕು ಬಣ್ಣ ಎಂದರೆ 16 ಪ್ಲೇಟು. ರಕ್ಷಾಪುಟದ ಹೊರಬದಿ ಒಳಬದಿ ಎರಡನ್ನೂ ಒಂದೇ ಪ್ಲೇಟಿನಲ್ಲಿ ಜೋಡಿಸಿ ಹಾಳೆ ತಿರುವಿ ಅಚ್ಚು ಹಾಕಿದರೆ 4 ಸಾಕು, ಇಲ್ಲವಾದರೆ 8. ದುಡ್ಡು ಸಾಲದಿದ್ದರೆ ಒಂದು ಫಾರಂ ಬಣ್ಣ, ಒಂದು ಫಾರಂ ಕಪ್ಪು ಮಾಡಿ. ಒಳಪುಟಕ್ಕೆ 8 ಮತ್ತು 2, ಒಟ್ಟು 10 ಪ್ಲೇಟಿಗೆ ಇಳಿಯುತ್ತದೆ. ಆದರೆ ಒಂದು ಫಾರಂ ಇನ್ನೊಂದರ ಹೊಟ್ಟೆಯೊಳಗೆ ಕೂರುತ್ತದೆ. ಹೊರಗಿನ ಫಾರಂನಲ್ಲಿ 1ರಿಂದ 8 ಮತ್ತು 25ರಿಂದ 32, ಒಳಗಿನದರಲ್ಲಿ 9ರಿಂದ 24ನೇ ಪುಟ. ಬಣ್ಣ ಎಲ್ಲಿಂದ ಎಲ್ಲಿಗೆ ಬರುತ್ತದೆ ಎಂದು ಕಥೆ ಬರೆಯುವಾಗಲೇ ತಿಳಿದಿದ್ದರೆ, ಉದಾಹರಣೆಗೆ ಹಿಂದಿನ ಕಾಲದ ಯುದ್ಧದ ಭಾಗವನ್ನು ನಡುವಿನ 16 ಪುಟಕ್ಕೆ ತಂದು ಅದನ್ನೇ ಕಪ್ಪುಬಿಳುಪು ಮಾಡಿದರೆ, ಕೊರತೆಯೇ ಕಥೆಯ ಚೆಂದವಾಗುತ್ತದೆ.

ಮಡಚಿದಾಗ ಒಳಗಿನ ಹಾಳೆಗಳು ಹೊರಗೆ ತಳ್ಳಿಕೊಂಡು ಬರುತ್ತವೆ. 90 ಜಿಎಸ್‌ಎಂನ 8 ಹಾಳೆ ಒಂದರೊಳಗೊಂದು ಕೂತಾಗ ನಡುವಿನ ಪುಟ ಒಂದು ಮಿ.ಮೀ.ಗೆ ಹತ್ತಿರ ಹೊರಬಂದಿರುತ್ತದೆ, ಕಟಿಂಗ್ ಮಿಷಿನ್ ಅದನ್ನು ತಿಂದುಹಾಕುತ್ತದೆ. ಮಾತು, ಪುಟದ ಅಂಕಿ, ಮುಖ್ಯ ಮುಖಗಳು ಅಂಚಿನಿಂದ 8 ಮಿ.ಮೀ. ಒಳಗಿರಲಿ. ರಕ್ಷಾಪುಟದ ಬೋರ್ಡ್‌ನ ನಾರು ಬೆನ್ನಿಗೆ ಸಮಾನಾಂತರವಾಗಿರಬೇಕು. ಅಡ್ಡ ಇದ್ದರೆ ಮಡಿಕೆಯಲ್ಲಿ ಇಂಕು ಬಿರಿದು ಬಿಳಿ ಗೆರೆ ಕಾಣುತ್ತದೆ. ಒಂದು ತುಂಡನ್ನು ಎರಡೂ ದಿಕ್ಕಿಗೆ ಹರಿದು ನೋಡಿ, ನೇರವಾಗಿ ಹರಿಯುವ ದಿಕ್ಕೇ ನಾರಿನ ದಿಕ್ಕು. ನಿಮ್ಮ ಕಡೆಯ ಒಣಹವೆಗೆ ಒಂದು ಮಾತು: ಪೇಪರಿನ ಕಟ್ಟನ್ನು ಬಿಚ್ಚದೆ ಒಂದು ದಿನ ಮಿಷಿನ್ ಕೋಣೆಯಲ್ಲೇ ಇರಿಸಲು ಹೇಳಿ. ಬಿಚ್ಚಿ ಇಟ್ಟರೆ ಅಂಚು ಒಣಗಿ ಸುರುಟುತ್ತದೆ, ನಾಲ್ಕು ಬಣ್ಣ ಒಂದರ ಮೇಲೊಂದು ಕೂರುವುದಿಲ್ಲ.

ಪ್ರಶ್ನೆ: ಪರದೆ ಮೇಲೆ ಕಪ್ಪಗಿದ್ದ ನನ್ನ ಗೆರೆಗಳು ಪುಸ್ತಕದಲ್ಲಿ ಮಸುಕಾಗಿ, ಅಂಚಿಗೆ ಕೆಂಪು–ನೀಲಿ ನೆರಳು ಬಿದ್ದು ಬಂದಿವೆ. ಬಣ್ಣವೂ ಕೊಳೆಯಾದಂತಿದೆ. ತಪ್ಪು ಪ್ರೆಸ್ಸಿನದೋ ನನ್ನದೋ?
— ಓದುಗರೊಬ್ಬರು, ಹಿರಿಯೂರು

ಉತ್ತರ: ನೀವು ವಿವರಿಸಿದ ಗುರುತುಗಳನ್ನು ನೋಡಿದರೆ ತಪ್ಪು ಫೈಲಿನದು. ಪರದೆಯ ಆರ್‌ಜಿಬಿ ಬಣ್ಣದಲ್ಲಿ ಬಿಡಿಸಿ ಕೊನೆಗೆ ಅಚ್ಚಿನ ನಾಲ್ಕು ಇಂಕಿನ ಸಿಎಂವೈಕೆಗೆ ಬದಲಾಯಿಸಿದಾಗ ಕಪ್ಪು ಗೆರೆ ನಾಲ್ಕೂ ಇಂಕಿಗೆ ಹಂಚಿಹೋಗುತ್ತದೆ. ಮಿಷಿನ್‌ನಲ್ಲಿ ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ಗೆರೆಗೆ ಬಣ್ಣದ ಅಂಚು ಹುಟ್ಟುತ್ತದೆ. ಕಾಮಿಕ್ಸ್‌ನ ಗೆರೆ ಕಪ್ಪು ಪ್ಲೇಟಿನಲ್ಲಿ ಮಾತ್ರ ಇರಬೇಕು.

ಪುಸ್ತಕದ ಅಳತೆಯ ಒಂದೂವರೆ ಪಟ್ಟು ದೊಡ್ಡದಾಗಿ ಬಿಡಿಸಿ. 180×238 ಮಿ.ಮೀ. ಪುಟಕ್ಕೆ 270×357, ಬ್ಲೀಡ್ ಸೇರಿದರೂ ಎ3 ಹಾಳೆಯೊಳಗೆ ಬರುತ್ತದೆ. ಗೆರೆಯನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಗ್ರೇಸ್ಕೇಲ್ ಸ್ಕ್ಯಾನ್ ಮಾಡಿ. ಮೂರನೇ ಎರಡು ಭಾಗಕ್ಕೆ ಕುಗ್ಗಿದಾಗ ಅದೇ 900 ಡಿಪಿಐಗೆ ಸಮ. ನಂತರ ಥ್ರೆಶೋಲ್ಡ್ ಹಾಕಿ ಬೂದುಬಣ್ಣವೇ ಇಲ್ಲದ ಅಚ್ಚ ಕಪ್ಪುಬಿಳಿ ಬಿಟ್‌ಮ್ಯಾಪ್ ಟಿಫ್ ಆಗಿ ಉಳಿಸಿ. ಬಣ್ಣವನ್ನು ಬೇರೆ ಫೈಲಿನಲ್ಲಿ 300 ಡಿಪಿಐ ಸಿಎಂವೈಕೆಯಲ್ಲಿ, ಗೆರೆಯಿಲ್ಲದೆ ಇಡಿ. ಇನ್‌ಡಿಸೈನ್ ಅಥವಾ ಸ್ಕ್ರೈಬಸ್‌ನಲ್ಲಿ ಕೆಳಗೆ ಬಣ್ಣ, ಅದರ ಮೇಲೆ ಗೆರೆ ಇಟ್ಟು, ಗೆರೆಯನ್ನು 100% ಕಪ್ಪಿಗೆ ಹಚ್ಚಿ, ಕೆಳಗಿನ ಬಣ್ಣ ಅಳಿಸದೆ ಅದರ ಮೇಲೇ ಕೂರುವಂತೆ ಮಲ್ಟಿಪ್ಲೈ ಮಾಡಿ. ಬಣ್ಣ ಗೆರೆಯ ಅಂಚಿಗೆ ನಿಲ್ಲದೆ ಗೆರೆಯ ಕೆಳಗೆ ನುಗ್ಗಿರಬೇಕು. ಪಿಡಿಎಫ್ ತೆಗೆದ ಮೇಲೆ ಸೆಪರೇಷನ್ ಪ್ರಿವ್ಯೂನಲ್ಲಿ ಕಪ್ಪನ್ನು ಮಾತ್ರ ಆಫ್ ಮಾಡಿ ನೋಡಿ: ಗೆರೆ ಪೂರ್ತಿ ಮಾಯವಾಗಿ ಅದರ ಜಾಗದಲ್ಲಿ ಬಣ್ಣ ಮುಂದುವರಿದಿದ್ದರೆ ಸರಿಯಿದೆ, ಬಿಳಿ ಸಂದು ಕಂಡರೆ ವಾಪಸ್ ಹೋಗಿ ತಿದ್ದಿ. ಈ ಒಂದು ನಿಮಿಷದ ಪರೀಕ್ಷೆಯನ್ನು ಯಾವ ಅವಸರದಲ್ಲೂ ಬಿಡಬೇಡಿ.

0.3 ಮಿ.ಮೀ. ಪೆನ್ನಿನ ಗೆರೆ ಕುಗ್ಗಿ 0.2 ಆಗುತ್ತದೆ, ಅಲ್ಲಿಯವರೆಗೆ ಧೈರ್ಯವಾಗಿ ಹೋಗಬಹುದು. 0.1ಕ್ಕೆ ಇಳಿದರೆ ಒರಟು ಪೇಪರಿನಲ್ಲಿ ತುಂಡಾಗುತ್ತದೆ.

ಬಣ್ಣ ಕೊಳೆಯಾಗುವುದಕ್ಕೆ ಹೆಚ್ಚಾಗಿ, ಲೇಪನವಿಲ್ಲದ ಮ್ಯಾಪ್‌ಲಿಥೋ ಪೇಪರ್ ಇಂಕು ಹೀರುವುದೇ ಕಾರಣ. ಫೈಲಿನ 50% ಚುಕ್ಕಿ ಅಲ್ಲಿ ಹಿಗ್ಗಿ ಸುಮಾರು 70% ಆಗಿ ಕಾಣುತ್ತದೆ. ನಡುಬಣ್ಣಗಳನ್ನು ಮೊದಲೇ ತಿಳಿಯಾಗಿಸಿ, ಮೈಬಣ್ಣಕ್ಕೆ ಸಯಾನ್ (ತಿಳಿನೀಲಿ ಇಂಕು) ಸೇರಿಸುವುದನ್ನು ಆದಷ್ಟು ಬಿಡಿ. ನಾಲ್ಕೂ ಇಂಕಿನ ಮೊತ್ತ ಮ್ಯಾಪ್‌ಲಿಥೋದಲ್ಲಿ 260–280%, ಆರ್ಟ್ ಪೇಪರಿನಲ್ಲಿ 300% ದಾಟದಿರಲಿ. ದಾಟಿದರೆ ಇಂಕು ಒಣಗದೆ ಎದುರು ಪುಟಕ್ಕೆ ಹತ್ತುತ್ತದೆ. ರಾತ್ರಿಯ ದೃಶ್ಯಗಳೇ ಹೆಚ್ಚಾಗಿ ಹೀಗೆ ಕೆಡುವುದು.

ಪ್ರಶ್ನೆ: ಮಾತಿನ ಬಲೂನಿನಲ್ಲಿ ಕನ್ನಡ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಕೆಲವು ಒಡೆದೇ ಹೋಗುತ್ತವೆ. ಪರಿಹಾರವೇನು?
— ವಿದ್ಯಾರ್ಥಿನಿ, ಹರಿಹರ

ಉತ್ತರ: ಮೊದಲು ಮಾತು, ಆಮೇಲೆ ಬಲೂನು, ಕೊನೆಗೆ ಚಿತ್ರ: ಈ ಕ್ರಮಕ್ಕೆ ಬನ್ನಿ. ಪುಟದ ಅಗಲದಲ್ಲಿ ಮೂರು ಚೌಕಟ್ಟು ಇದ್ದರೆ ಒಂದೊಂದಕ್ಕೆ ಸುಮಾರು 52 ಮಿ.ಮೀ., ಬಲೂನಿನ ಒಳಗೆ 40 ಉಳಿದರೆ ಪುಣ್ಯ. 10 ಪಾಯಿಂಟಿನಲ್ಲಿ ಒಂದು ಸಾಲಿಗೆ ಹತ್ತು ಹನ್ನೊಂದು ಅಕ್ಷರ. ‘ಓಡಿಹೋಗಿಬಿಟ್ಟಿದ್ದಾನಂತೆ’ ಎಂಬ ಒಂದೇ ಪದಕ್ಕೆ ಒಂಬತ್ತು ಅಕ್ಷರ ಹೋಯಿತು. ಇಂಗ್ಲಿಷ್ ಕಾಮಿಕ್ಸ್ ನೋಡಿ ಬಲೂನು ಬರೆದಿಟ್ಟು ಆಮೇಲೆ ಕನ್ನಡ ತುಂಬಲು ಹೋದರೆ ಅಕ್ಷರ ಕುಗ್ಗಿಸಬೇಕು, ಇಲ್ಲವೇ ಪದ ಕತ್ತರಿಸಬೇಕು. ಎರಡೂ ಬೇಡ, ‘ಓಡಿ ಹೋದ್ನಂತೆ’ ಎಂದು ಆಡುಮಾತಿಗೆ ತನ್ನಿ.

ಸಾಲಂತರ ಅಕ್ಷರದ ಒಂದೂವರೆ ಪಟ್ಟು ಇರಲಿ, 10 ಪಾಯಿಂಟಿಗೆ 15. ಸಾಫ್ಟ್‌ವೇರ್ ತಾನಾಗಿ ಕೊಡುವ 12 ಕನ್ನಡಕ್ಕೆ ಸಾಲುವುದಿಲ್ಲ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಒತ್ತು ಒಡೆದು ಬಿಡಿ ಅಕ್ಷರವಾಗಿ ಕಂಡರೆ ಫೋಟೋಶಾಪ್‌ನ ಹಳೆಯ ಆವೃತ್ತಿಗಳ ಟೈಪ್ ಆಯ್ಕೆಯಲ್ಲಿ ವರ್ಲ್ಡ್ ರೆಡಿ ಲೇಔಟ್, ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿ. ಹಳೆಯ ನುಡಿ, ಬರಹದ ಆಸ್ಕಿ ಅಕ್ಷರದಲ್ಲಿರುವ ಕಥೆಯನ್ನು ಯೂನಿಕೋಡ್‌ಗೆ ತಂದಾಗ ಅರ್ಕಾವತ್ತಿರುವ ಪದಗಳನ್ನೆಲ್ಲ ಕಣ್ಣಾರೆ ನೋಡಿ, ಪರಿವರ್ತಕಗಳು ಹೆಚ್ಚಾಗಿ ಮುಗ್ಗರಿಸುವುದು ಅಲ್ಲೇ. ಅಚ್ಚಿಗೆ ಮುಕ್ತವಾಗಿ ಬಳಸಬಹುದಾದ ಫಾಂಟುಗಳಲ್ಲಿ ‘ಬಲೂ ತಮ್ಮ’ ದಪ್ಪ ಕೂಗಿಗೆ, ‘ಹುಬ್ಬಳ್ಳಿ’ ಸಾಮಾನ್ಯ ಮಾತಿಗೆ ಚೆನ್ನ. ‘ಬೆಣ್ಣೆ’ ಎಂಬ ಹೆಸರಿನದೂ ಒಂದಿದೆ, ದಾವಣಗೆರೆಯವರು ಆ ಹೆಸರಿಗಾದರೂ ಒಮ್ಮೆ ಹಾಕಿ ನೋಡಬೇಕು. ಪ್ರೆಸ್ಸಿಗೆ ಕೊಡುವ ಪಿಡಿಎಫ್‌ನಲ್ಲಿ ಫಾಂಟ್ ಫೈಲಿನೊಳಗೇ ಸೇರಿ ಎಂಬೆಡ್ ಆಗಿದೆಯೇ ಎಂದು ನೋಡಿ.

ಪ್ರಶ್ನೆ: ಕೆಲಸಕ್ಕೆ ಸೇರಿದ ಮೇಲೆ ನಾನು ಬಿಡಿಸಿದ ಚಿತ್ರದ ಹಕ್ಕು ಯಾರದು?
— ಓದುಗರೊಬ್ಬರು, ಚಳ್ಳಕೆರೆ

ಉತ್ತರ: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಸಂಬಳದ ನೌಕರಿಯ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರೇ ಮೊದಲ ಹಕ್ಕುದಾರರು. ಪತ್ರಿಕೆಯ ನೌಕರರಿಗೆ ಒಂದು ವಿನಾಯಿತಿ ಇದೆ: ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು ಮಾತ್ರ ಮಾಲೀಕರದು, ಉಳಿದದ್ದು ಬರೆದವರದು. ಪುಸ್ತಕ ಪ್ರಕಾಶನಕ್ಕೆ ಈ ವಿನಾಯಿತಿ ಅನ್ವಯಿಸದು, ಆದ್ದರಿಂದ ಸೇರುವ ದಿನವೇ ಕಾಗದದಲ್ಲಿ ಬರೆಸಿಕೊಳ್ಳಿ. ನೌಕರಿಯಿಲ್ಲದೆ ಹೊರಗಿನಿಂದ ಬಿಡಿಸುವವರು ಹಕ್ಕು ವಹಿಸಿಕೊಡುವಾಗ ಅವಧಿ ನಮೂದಿಸದಿದ್ದರೆ 19ನೇ ಸೆಕ್ಷನ್ ಅದನ್ನು 5 ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತ ಎಂದೂ ತಿಳಿಯುತ್ತದೆ. ನೀವು ಮ್ಯಾನೇಜರ್ ಆದ ಮೇಲೆ ಕಲಾವಿದರ ಒಪ್ಪಂದ ನಿಮ್ಮ ಕೈಯಿಂದಲೇ ಹೋಗುತ್ತದೆ, ಅದರಲ್ಲಿ ಮೂಲಚಿತ್ರ ಯಾವ ದಿನ ವಾಪಸ್ ಕೊಡುತ್ತೀರಿ ಎಂಬ ಸಾಲನ್ನೂ ಸೇರಿಸಿ.

ಪ್ರಶ್ನೆ: ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದುತ್ತಿದ್ದೇನೆ. ಪ್ರೊಡಕ್ಷನ್ ಕಲಿಯಲು ಬೆಂಗಳೂರಿಗೇ ಹೋಗಬೇಕಾ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೊದಲ ಪಾಠಕ್ಕೆ ಬೇಡ. ರಜೆಯಲ್ಲಿ ಊರಿನ ಯಾವುದಾದರೂ ಆಫ್‌ಸೆಟ್ ಪ್ರೆಸ್ಸಿನವರನ್ನು ಕೇಳಿ ಹದಿನೈದು ದಿನ ಹೋಗಿ ಬನ್ನಿ. ಐದು ದಿನ ಕಂಪ್ಯೂಟರ್ ಪಕ್ಕ, ಐದು ದಿನ ಮಿಷಿನ್ ಹತ್ತಿರ, ಐದು ದಿನ ಬೈಂಡಿಂಗ್‌ನಲ್ಲಿ. ಮದುವೆ ಪತ್ರಿಕೆಯ ಸೀಸನ್‌ನಲ್ಲಿ ಹೋಗಬೇಡಿ, ಯಾರಿಗೂ ಮಾತಾಡಲು ಪುರುಸೊತ್ತಿರುವುದಿಲ್ಲ. 10 ಪಟ್ಟು ದೊಡ್ಡದು ಮಾಡುವ ಒಂದು ಲೂಪ್ ಕೊಂಡುಕೊಂಡು, ಬಣ್ಣ ಸರಿಯಾಗಿ ಕೂತ ಹಾಳೆ ಮತ್ತು ತಪ್ಪಿದ ಹಾಳೆ ಎರಡನ್ನೂ ಅದರಡಿ ನೋಡಿ. ಒಂದು ಖಾಲಿ ಹಾಳೆಯನ್ನು ಮೂರು ಸಲ ಮಡಚಿ, 1ರಿಂದ 16ರವರೆಗೆ ಪುಟದ ಅಂಕಿ ಬರೆದು, ಬಿಚ್ಚಿ ನೆಲದ ಮೇಲೆ ಹಾಸಿ: ಯಾವ ಪುಟದ ಪಕ್ಕ ಯಾವುದು, ಯಾವುದು ತಲೆಕೆಳಗಾಗಿ ಕೂರುತ್ತದೆ ಎಂದು ತಿಳಿಯುತ್ತದೆ. ಆ ಡಮ್ಮಿಯನ್ನು ಬೈಂಡಿಂಗ್‌ನ ಹಿರಿಯರ ಮುಂದಿಟ್ಟು ‘ಇದರಲ್ಲಿ ತಪ್ಪೇನಿದೆ ಅಣ್ಣ’ ಎಂದು ಕೇಳಿ.